ವರ್ಷವಿಡೀ ಸುಮ್ನೆ ಕೂತಿರುವ ಡಿಸ್ಕ್

ಜುಲೈ ತಿಂಗಳ ಒಂದು ಬೆಳಗ್ಗೆ ಕೋಲಾರದ ಟೊಮೆಟೊ ಮಂಡಿಯಲ್ಲಿ ನಿಂತು ನೋಡಿ. 15 ಕೆಜಿ ಬಾಕ್ಸ್‌ಗಳ ಸಾಲು, ಹರಾಜು ಕೂಗುವವರ ಗದ್ದಲ, ಪಕ್ಕದಲ್ಲೇ ಪುಸ್ತಕ ಹಿಡಿದ ಗುಮಾಸ್ತ. ಯಾರ ಮಾಲು, ಎಷ್ಟು ಬಾಕ್ಸ್, ಯಾವ ರೇಟು, ಎಲ್ಲ ಆ ಪುಸ್ತಕದಲ್ಲೇ. ಆ ಒಂದು ಪುಸ್ತಕಕ್ಕೆ ಇಬ್ಬರು ಗುಮಾಸ್ತರಿದ್ದರೆ ಒಳ್ಳೇದೇ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಬರೆಯುತ್ತಾನೆ. ಆದರೆ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಹಾಳೆಯಲ್ಲಿ ಬರೆಯಲು ಶುರು ಮಾಡಿದರೆ? ಸಂಜೆ ರೈತ ದುಡ್ಡು ಕೇಳಲು ಬಂದಾಗ ಲೆಕ್ಕ ಹೇಳುವವರು ಯಾರೂ ಇರುವುದಿಲ್ಲ. ಗುಮಾಸ್ತನೇ ಬರದ ದಿನ ವ್ಯಾಪಾರ ಸ್ವಲ್ಪ ತಡವಾಗುತ್ತದೆ ಅಷ್ಟೆ. ಇಬ್ಬರು ಬರೆದ ದಿನ ಪುಸ್ತಕವೇ ಹಾಳು.

ಹೈ ಅವೈಲಬಿಲಿಟಿ ಕ್ಲಸ್ಟರ್ ಅಂದರೆ ಹೀಗೆ ಒಂದು ಪುಸ್ತಕ, ಇಬ್ಬರು ಗುಮಾಸ್ತರು. ಎರಡು ಸರ್ವರ್‌ಗಳು ಒಂದೇ ಸ್ಟೋರೇಜಿಗೆ ತಂತಿ ಎಳೆದುಕೊಂಡು ಕೂತಿರುತ್ತವೆ. ಒಂದು ಕೆಟ್ಟರೆ ಅದರ ಕೆಲಸವನ್ನು ಇನ್ನೊಂದು ತಾನಾಗಿಯೇ ಎತ್ತಿಕೊಳ್ಳುತ್ತದೆ. 'ನಾನಿದ್ದೀನಿ, ನೀನಿದ್ದೀಯಾ' ಎಂದು ಎರಡೂ ನೆಟ್‌ವರ್ಕ್ ಮೂಲಕ ಸದಾ ಕೂಗಿಕೊಳ್ಳುತ್ತಲೇ ಇರುತ್ತವೆ. ಇದಕ್ಕೆ ಹಾರ್ಟ್‌ಬೀಟ್ ಎನ್ನುತ್ತಾರೆ.

ಕೂಗು ನಿಂತಿತು ಅಂತಿಟ್ಟುಕೊಳ್ಳಿ. ಆಚೆಯವನು ಸತ್ತನೋ, ಅಥವಾ ನಡುವಿನ ತಂತಿ ಮಾತ್ರ ಕಿತ್ತುಹೋಯಿತೋ? ಈಚೆಯವನಿಗೆ ಇದನ್ನು ತಿಳಿಯುವ ದಾರಿಯೇ ಇಲ್ಲ. ಎರಡರಲ್ಲೂ ಕೇಳಿಸುವುದು ಮೌನವೇ. ಸತ್ತ ಅಂದುಕೊಂಡು ಪುಸ್ತಕ ಎತ್ತಿಕೊಂಡರೆ, ಆಚೆಯವನೂ ಬದುಕಿದ್ದು ಅದನ್ನೇ ಮಾಡುತ್ತಿರಬಹುದು. ಈ ರೋಗದ ಹೆಸರು ಸ್ಪ್ಲಿಟ್ ಬ್ರೇನ್.

ಐದು ಸರ್ವರ್‌ಗಳಿದ್ದರೆ ಎಣಿಸಿ ತೀರ್ಮಾನ ಮಾಡಬಹುದು. ಮೂರು ಒಂದು ಕಡೆ ಇದ್ದರೆ ಅವು ಮುಂದುವರಿಯುತ್ತವೆ, ಉಳಿದೆರಡು ನಿಲ್ಲುತ್ತವೆ. ಅರ್ಧಕ್ಕಿಂತ ಜಾಸ್ತಿ ಇರುವವರದ್ದೇ ಮಾತು. ಎರಡೇ ಇದ್ದಾಗ ಏನು ಎಣಿಸುವುದು? ಒಂದಕ್ಕೆ ಒಂದು, ಸರಿ ಅರ್ಧ. ನನ್ನ ಕೇಳಿದರೆ ಕ್ಲಸ್ಟರ್‌ಗೆ ಎರಡರಷ್ಟು ಕೆಟ್ಟ ಸಂಖ್ಯೆ ಇನ್ನೊಂದಿಲ್ಲ. ಆದರೆ ದುಡ್ಡಿನ ಲೆಕ್ಕದಲ್ಲಿ ನಮ್ಮ ಕಡೆ ಎಲ್ಲರೂ ಕೊಳ್ಳುವುದು ಎರಡನ್ನೇ!

ಅದಕ್ಕೇ ಲಾಕ್ ಡಿಸ್ಕ್. ಇಬ್ಬರು ಗುಮಾಸ್ತರ ನಡುವೆ ಮೊಳೆಗೆ ಒಂದು ಮೊಹರು ನೇತುಹಾಕಿದ್ದೀರಿ. ಮಾತು ನಿಂತ ಕೂಡಲೇ ಇಬ್ಬರೂ ಅದರ ಕಡೆ ಓಡಬೇಕು. ಮೊದಲು ಹಿಡಿದವನು ಬರೆಯುತ್ತಾನೆ. ಸಿಗದವನು ಮರುಮಾತಿಲ್ಲದೆ ಪೆನ್ನು ಬಿಸಾಕಿ ಹೊರಗೆ ಹೋಗಬೇಕು. ಸರ್ವರ್ ಲೋಕದಲ್ಲಿ ಹೊರಗೆ ಹೋಗುವುದೆಂದರೆ ಆ ಕ್ಷಣವೇ ರೀಬೂಟ್ ಆಗುವುದು. ಕೈಯಲ್ಲಿದ್ದ ಕೆಲಸ ಮುಗಿಸಿ ಬರ್ತೀನಿ ಎನ್ನುವಂತಿಲ್ಲ, ಆ ಒಂದು ಸಾಲೇ ಪುಸ್ತಕ ಕೆಡಿಸಬಹುದು. ಎಚ್‌ಪಿಯ ಸರ್ವಿಸ್‌ಗಾರ್ಡ್ ಎಂಬ ಹಳೆಯ ಕ್ಲಸ್ಟರ್ ಸಾಫ್ಟ್‌ವೇರ್‌ನಲ್ಲಿ ಇದು ಹೀಗೇ ನಡೆಯುತ್ತದೆ. ಎರಡೂ ಸರ್ವರ್‌ಗಳಿಗೆ ಕಾಣುವ ಒಂದು ಡಿಸ್ಕಿನಲ್ಲಿ ಪುಟ್ಟ ಜಾಗ, ಗೆದ್ದವನು ಅಲ್ಲಿ 'ಹಿಡಿದಾಯ್ತು' ಎಂಬ ಗುರುತು ಹಾಕುತ್ತಾನೆ. ವಿಂಡೋಸ್ ಕ್ಲಸ್ಟರ್‌ನವರು ಇಂಥದ್ದೇ ಕೆಲಸದ ಡಿಸ್ಕನ್ನು ವಿಟ್ನೆಸ್, ಅಂದರೆ ಸಾಕ್ಷಿ, ಎಂದು ಕರೆಯುತ್ತಾರೆ. ಹೆಸರು ಚೆನ್ನಾಗಿದೆ, ಅಲ್ವಾ?

ಇಲ್ಲೊಂದು ವಿಚಿತ್ರವಿದೆ. ಪಕ್ಕದ ಸರ್ವರ್ ನಿಜವಾಗಿಯೇ ಸತ್ತಿದ್ದರೂ ಬದುಕಿರುವವನು ಮೊಹರು ಹಿಡಿಯಲೇಬೇಕು. ಪೈಪೋಟಿಗೆ ಯಾರೂ ಇಲ್ಲ ಅಂತ ಅವನಿಗೆ ಗೊತ್ತಿಲ್ಲವಲ್ಲ. ಓಡಿ ಹೋಗಿ ಕೈ ಹಾಕಿದಾಗ ಮೊಳೆಯಲ್ಲಿ ಮೊಹರೇ ಇಲ್ಲದಿದ್ದರೆ ಅವನೂ ನಿಯಮದಂತೆ ಪೆನ್ನು ಬಿಸಾಕುತ್ತಾನೆ. ಒಂದು ಸರ್ವರ್ ಕೆಟ್ಟಿದ್ದಕ್ಕೆ ಎರಡೂ ಮಲಗಿದವು.

ನಾನು ಕೆಲಕಾಲ ಕೋಲಾರದ ಒಂದು ಸಂಸ್ಥೆಯ ಇಂಥ ಜೋಡಿಯನ್ನು ನೋಡಿಕೊಳ್ಳುತ್ತಿದ್ದೆ. ತಿಂಗಳಿಗೊಮ್ಮೆ ಟೆಸ್ಟ್ ಮಾಡುತ್ತಿದ್ದೆವು. ಒಂದು ಸರ್ವರನ್ನು ಕ್ಲಸ್ಟರ್‌ನಿಂದ ಕಮಾಂಡ್ ಕೊಟ್ಟು ಇಳಿಸುವುದು, ಇನ್ನೊಂದು ಕೆಲಸ ಎತ್ತಿಕೊಂಡಿತಾ ನೋಡುವುದು. ಪ್ರತಿ ಸಲವೂ ಪಾಸ್. ಒಂದು ರಾತ್ರಿ ಒಂದು ಸರ್ವರ್‌ನ ಪವರ್ ಸಪ್ಲೈ ಸುಟ್ಟುಹೋಯಿತು. ನಿಮಿಷ ಕಳೆಯುವುದರೊಳಗೆ ಎರಡನೆಯದೂ ಬಿತ್ತು. ಸೆಕ್ಯುರಿಟಿಯವರು ಫೋನ್ ಮಾಡಿ, "ಸಾರ್, ಒಳಗಡೆ ಸೌಂಡೇ ಬದಲಾಯ್ತು" ಅಂದರು. ರೀಬೂಟ್ ಆಗುವಾಗ ಫ್ಯಾನ್‌ಗಳು ಒಮ್ಮೆಲೇ ಜೋರಾಗಿ ತಿರುಗುತ್ತವೆ, ಅದನ್ನು ಅವರು ಕೇಳಿಸಿಕೊಂಡಿದ್ದರು.

ಲಾಗ್, ಅಂದರೆ ಸರ್ವರ್ ತಾನಾಗಿಯೇ ಬರೆದಿಡುವ ದಿನಚರಿ, ತೆರೆದರೆ ವಿಷಯ ಅಲ್ಲೇ ಇತ್ತು. ಲಾಕ್ ಡಿಸ್ಕ್ ಕಾಣುತ್ತಿಲ್ಲ, ಸರಿಪಡಿಸಿ ಎಂಬ ಸಾಲು. ಒಂದಲ್ಲ, ತಿಂಗಳುಗಟ್ಟಲೆಯಿಂದ. ಹಿಂದೆ ಯಾವಾಗಲೋ ಆ ಡಿಸ್ಕ್ ಕೆಟ್ಟು ಹೊಸದು ಹಾಕಿದ್ದರು. ಜೋಡಿ ಡಿಸ್ಕಿನಿಂದ ಡೇಟಾ ಎಲ್ಲ ತಾನಾಗಿ ನಕಲಾಗಿತ್ತು, ಹಸಿರು ದೀಪ ಹತ್ತಿತ್ತು, ಬದಲಾಯಿಸಿದವರು ಸಹಿ ಹಾಕಿಸಿಕೊಂಡು ಹೋಗಿದ್ದರು. ಆದರೆ ಲಾಕ್‌ನ ಜಾಗ ಡೇಟಾದ ಭಾಗವಲ್ಲ. ಜೋಡಿ ಡಿಸ್ಕಿಗೆ ನಕಲು ಮಾಡುವ ಏರ್ಪಾಡು, ಮಿರರ್, ಅದನ್ನು ನಕಲು ಮಾಡುವುದಿಲ್ಲ. ಅದನ್ನು ಬೇರೆಯಾಗಿ ಮತ್ತೆ ಬರೆಯಬೇಕು. ಬರೆದವರಿಲ್ಲ.

ಹಾಗಾದರೆ ನಮ್ಮ ತಿಂಗಳ ಟೆಸ್ಟ್? ಕಮಾಂಡ್ ಕೊಟ್ಟು ಇಳಿಸಿದಾಗ ಸರ್ವರ್ 'ಹೋಗಿ ಬರ್ತೀನಿ' ಎಂದು ಹೇಳಿಯೇ ಹೋಗುತ್ತದೆ. ಉಳಿದವನಿಗೆ ಅನುಮಾನವೇ ಇಲ್ಲ, ಮೊಹರಿಗೆ ಓಡುವ ಅಗತ್ಯವೂ ಇಲ್ಲ. ಅಷ್ಟು ದಿನ ನಾವು ಪರೀಕ್ಷಿಸಿದ್ದು ಸಭ್ಯ ಸಾವನ್ನು ಮಾತ್ರ. ನಾಚಿಕೆಯಾಯಿತು, ಆ ಟೆಸ್ಟ್ ಬರೆದವನು ನಾನೇ.

ಸರಿಪಡಿಸುವುದು ದೊಡ್ಡ ಕೆಲಸವೇನಲ್ಲ. ಸರ್ವಿಸ್‌ಗಾರ್ಡ್‌ನಲ್ಲಿ ಸಿಎಂಡಿಸ್ಕ್‌ಲಾಕ್ ಎಂಬ ಕಮಾಂಡ್ ಇದೆ. ಚೆಕ್ ಎಂದರೆ ಲಾಕ್ ಇದೆಯೋ ಇಲ್ಲವೋ ಹೇಳುತ್ತದೆ. ರೀಸೆಟ್ ಎಂದರೆ ಹೊಸದಾಗಿ ಬರೆಯುತ್ತದೆ. ಚೆಕ್ ಎಷ್ಟು ಸಲ ಬೇಕಾದರೂ ಮಾಡಿ. ರೀಸೆಟ್‌ಗೆ ಮಾತ್ರ ಕೈ ನಡುಗಬೇಕು. ನೀವು ತೋರಿಸಿದ ಡಿಸ್ಕ್ ಬೇರೆ ಕೆಲಸದಲ್ಲಿದೆಯೇ ಎಂಬುದನ್ನು ಖಾತ್ರಿ ಮಾಡಿಕೊಳ್ಳುವ ಹೊಣೆ ನಿಮ್ಮದೇ. ಹೆಸರಿನಲ್ಲಿ ಒಂದು ಅಂಕಿ ತಪ್ಪಿದರೂ ಯಾರದೋ ಡೇಟಾ ಮೇಲೆ ಬೀಗ ಬರೆದಂತಾಗುತ್ತದೆ. ಡಿಸ್ಕ್ ರಿಪೇರಿ ಮಾಡಿದಾಗ ಅಥವಾ ಬದಲಾಯಿಸಿದಾಗ ಬಿಟ್ಟರೆ ರೀಸೆಟ್ ಬೇಕಾಗುವುದೇ ಇಲ್ಲ. 'ಸುಮ್ನೆ ಒಂದ್ಸಲ ಮಾಡೋಣ' ಎನ್ನುವ ಬಾಬತ್ತಲ್ಲ ಇದು.

ನಾವು ಡಿಸ್ಕಿನ ಹೆಸರನ್ನು ಎರಡೂ ಸರ್ವರ್‌ಗಳಲ್ಲಿ ಬೇರೆ ಬೇರೆಯಾಗಿ ಓದಿ, ಕಾಗದದಲ್ಲಿ ಬರೆದು, ಇಬ್ಬರು ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿದೆವು. ಏನೂ ಆಗಲಿಲ್ಲ. ಪ್ರಾಂಪ್ಟ್ ವಾಪಸ್ ಬಂತು, ಅಷ್ಟೆ. ಕ್ಲಸ್ಟರ್ 75 ಸೆಕೆಂಡಿಗೊಮ್ಮೆ ಲಾಕ್ ನೋಡಿಕೊಳ್ಳುತ್ತದೆ, ಹಾಗಾಗಿ ಲಾಗ್ ತೆರೆದಿಟ್ಟು ಕಾದೆವು. ಒಂದು ನಿಮಿಷ ಕಾಲು ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಡಿಸ್ಕ್ ಸರಿಯಾಗಿದೆ ಎಂಬ ಸಾಲು ಬಂತು.

ಮುಂದಿನ ಭಾನುವಾರ ಎಲ್ಲರಿಗೂ ಹೇಳಿ, ಬ್ಯಾಕಪ್ ತೆಗೆದು, ಕಮಾಂಡ್ ಗಿಮಾಂಡ್ ಏನೂ ಇಲ್ಲದೆ ಒಂದು ಸರ್ವರ್‌ನ ಎರಡೂ ಪವರ್ ಕೇಬಲ್ ಕಿತ್ತೆ. ಇನ್ನೊಂದು ಸ್ವಲ್ಪ ಹೊತ್ತು ತಡೆದು ಕೆಲಸ ಎತ್ತಿಕೊಂಡಿತು. ಕೇಬಲ್ ವಾಪಸ್ ಹಾಕುವ ಮೊದಲು ಆ ಡಿಸ್ಕಿನ ಮುಂದೆ ಒಂದು ಚೀಟಿ ಅಂಟಿಸಿದೆ: 'ಇದನ್ನು ಬದಲಾಯಿಸಿದರೆ ಬೀಗ ಮತ್ತೆ ಬರೆಯಬೇಕು.' ಟೇಪು ಬಿಸಿಗೆ ಎರಡು ಸಲ ಬಿಟ್ಟುಕೊಂಡಿತು. ಮೂರನೇ ಸಲ ದಾರದಲ್ಲಿ ಕಟ್ಟಿದೆ.