ನಾಚೆಜ್ ಕಾಡುದಾರಿಯ ದರೋಡೆಕೋರರು: ಎಲ್ಲಿಂದ ಬಂದರು, ಹೇಗೆ ಇಲ್ಲವಾದರು

ಅಮೆರಿಕದ ನ್ಯಾಶ್‌ವಿಲ್‌ನಿಂದ ಮಿಸಿಸಿಪ್ಪಿ ನದಿ ದಂಡೆಯ ನಾಚೆಜ್ ಪಟ್ಟಣದವರೆಗೆ ಸುಮಾರು 700 ಕಿಲೋಮೀಟರ್ ಉದ್ದದ ಕಾಡುದಾರಿಯೊಂದಿತ್ತು. ಚಿಕಾಸಾ, ಚಾಕ್ಟಾ ಬುಡಕಟ್ಟಿನವರು ತಲೆಮಾರುಗಳಿಂದ ನಡೆದಾಡಿದ ಹಾದಿ. 18ನೇ ಶತಮಾನದ ಕೊನೆಗೆ ಇಲ್ಲಿ ದರೋಡೆಕೋರರ ಕಾಟ ಹೆಚ್ಚಿದ್ದಕ್ಕೆ ಕಾರಣ ನದಿ ವ್ಯಾಪಾರ.

1795ರಲ್ಲಿ ಸ್ಪೇನ್ ಜೊತೆ ಆದ ಒಪ್ಪಂದದಿಂದ ಮಿಸಿಸಿಪ್ಪಿ ಅಮೆರಿಕದ ದೋಣಿಗಳಿಗೆ ಮುಕ್ತವಾಯಿತು. ಒಹಾಯೊ ಕಣಿವೆಯ ರೈತರು ಹಿಟ್ಟು, ಉಪ್ಪು ಹಚ್ಚಿದ ಹಂದಿಮಾಂಸ, ತಂಬಾಕು, ವಿಸ್ಕಿ ಹೇರಿಕೊಂಡು ಚಪ್ಪಟೆ ತಳದ ದೋಣಿಗಳಲ್ಲಿ ತೇಲಿಕೊಂಡು ಹೋಗುತ್ತಿದ್ದರು. ಹರಿವಿಗೆ ಎದುರಾಗಿ ಅಷ್ಟು ದೂರ ಹುಟ್ಟು ಹಾಕಿ ಮರಳುವುದು ಆಗದ ಮಾತು. ಹಾಗಾಗಿ ಸರಕಿನ ಜೊತೆಗೆ ದೋಣಿಯನ್ನೂ ಮರದ ದಿಮ್ಮಿಯ ಬೆಲೆಗೆ ಮಾರಿ, ಬೆಳ್ಳಿ ನಾಣ್ಯಗಳ ಗಂಟು ಕಟ್ಟಿಕೊಂಡು ಇದೇ ಕಾಡುದಾರಿ ಹಿಡಿದು ಊರಿಗೆ ನಡೆಯುತ್ತಿದ್ದರು. ಯಾರ ಬಳಿ ಹಣವಿದೆ ಎಂದು ಕಳ್ಳರು ಹುಡುಕಬೇಕಾಗಿಯೇ ಇರಲಿಲ್ಲ. ಉತ್ತರಕ್ಕೆ ನಡೆಯುತ್ತಿದ್ದವರನ್ನು ಕಾದು ಕುಳಿತರೆ ಸಾಕಿತ್ತು.

ಹಣಕ್ಕಿಂತಲೂ ಕಳ್ಳರಿಗೆ ನೆರವಾದದ್ದು ಗಡಿ ಎಂದು ನನಗನ್ನಿಸುತ್ತದೆ. ನದಿಯ ಪೂರ್ವಕ್ಕೆ ಅಮೆರಿಕದ ಆಡಳಿತ, ಪಶ್ಚಿಮಕ್ಕೆ ಸ್ಪೇನ್‌ನದು, ನಡುವಿನ ದಾರಿಯ ಬಹುಪಾಲು ಬುಡಕಟ್ಟುಗಳ ನೆಲ. ಇದನ್ನು ಚೆನ್ನಾಗಿ ಅರಿತಿದ್ದವನು ಸ್ಯಾಮ್ಯುಯೆಲ್ ಮೇಸನ್. ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದ ಈತ ಪೂರ್ವ ದಂಡೆಯಲ್ಲಿ ದೋಚಿ ಪಶ್ಚಿಮ ದಂಡೆಯಲ್ಲಿ ತಲೆಮರೆಸಿಕೊಳ್ಳುತ್ತಿದ್ದ. 1803ರ ಜನವರಿಯಲ್ಲಿ ಸ್ಪೇನ್‌ನ ಅಧಿಕಾರಿಗಳು ಹಿಡಿದಾಗ ಅವನ ಸಾಮಾನಿನಲ್ಲಿ ಸುಮಾರು 7,000 ಡಾಲರ್ ಜೊತೆಗೆ ಮನುಷ್ಯರ ತಲೆಯಿಂದ ಸುಲಿದ ಕೂದಲುಚರ್ಮಗಳೂ ಸಿಕ್ಕವು. ತಾನು ಬರೀ ರೈತ ಎಂದು ವಾದಿಸಿದ. ಇವನ ವಿಚಾರಣೆ ಅಮೆರಿಕದವರೇ ನಡೆಸಲಿ ಎಂದು ಸ್ಪೇನ್‌ನವರು ತೀರ್ಮಾನಿಸಿ ದೋಣಿ ಹತ್ತಿಸಿದರು. ಅವನು ದಾರಿಯಲ್ಲೇ ತಪ್ಪಿಸಿಕೊಂಡ.

ಕೆಲವು ತಿಂಗಳ ಮೇಲೆ ಇಬ್ಬರು ಅವನ ರುಂಡ ತಂದು ಬಹುಮಾನ ಕೇಳಿದರು. ಅಲ್ಲಿದ್ದವರು ಅವರಲ್ಲೊಬ್ಬನ ಗುರುತು ಹಿಡಿದುಬಿಟ್ಟರು. ಅವನು ಕೆಂಟಕಿ, ಟೆನ್ನೆಸ್ಸಿಗಳಲ್ಲಿ ಸಾಲು ಕೊಲೆ ಮಾಡಿದ ಹಾರ್ಪ್ ಸೋದರರಲ್ಲಿ ಕಿರಿಯ, ವೈಲಿ ಹಾರ್ಪ್. 1804ರಲ್ಲಿ ಇಬ್ಬರಿಗೂ ಗಲ್ಲಾಯಿತು.

ದರೋಡೆಗೆ ಕಡಿವಾಣ ಹಾಕಿದ್ದು ಮಾತ್ರ ಇಂಥ ಗಲ್ಲುಗಳಲ್ಲ, ಉಗಿದೋಣಿ. 1811ರ ಕೊನೆಗೆ ಮೊದಲ ಉಗಿದೋಣಿ ಈ ನದಿಗಿಳಿಯಿತು. 1820ರ ದಶಕದ ಹೊತ್ತಿಗೆ ವ್ಯಾಪಾರ ಮುಗಿಸಿದ ರೈತರು ಹರಿವಿನ ವಿರುದ್ಧವೇ ಹಡಗಿನಲ್ಲಿ ಮರಳತೊಡಗಿದರು. ಬೆಳ್ಳಿ ಹೊತ್ತು ನಡೆಯುವವರು ಇಲ್ಲವಾದರು. ಆದರೆ ಸರಪಳಿ ಬಿಗಿದ ಗುಲಾಮರ ಸಾಲುಗಳು ನಾಚೆಜ್‌ನ ಸಂತೆಗೆ ಬರುವುದು ನಿಲ್ಲಲಿಲ್ಲ.

ದರೋಡೆಕೋರರ ಕಥೆಯನ್ನು ರೋಚಕವಾಗಿ ಹೇಳುವವರು ಕೊನೆಯ ಅಧ್ಯಾಯವನ್ನು ಬಿಟ್ಟುಬಿಡುತ್ತಾರೆ. ಅದನ್ನು ಹೇಳಲೇಬೇಕು. ಗುಲಾಮರನ್ನು ಕದ್ದ ಅಪರಾಧಕ್ಕೆ 1834ರಲ್ಲಿ ಜಾನ್ ಮರೆಲ್ ಎಂಬವನಿಗೆ 10 ವರ್ಷ ಶಿಕ್ಷೆಯಾಯಿತು. ಅವನು ಗುಲಾಮರ ದಂಗೆಗೆ ಸಂಚು ಹೂಡಿದ್ದಾನೆಂದು ಮರುವರ್ಷ ಕಿರುಹೊತ್ತಗೆಯೊಂದು ಹಬ್ಬಿಸಿತು. ಭಯಬಿದ್ದ ಬಿಳಿಯರು ಮಿಸಿಸಿಪ್ಪಿಯ ಮ್ಯಾಡಿಸನ್ ಕೌಂಟಿಯಲ್ಲಿ ತಾವೇ ಸಮಿತಿ ಕಟ್ಟಿಕೊಂಡು, ಕೋರ್ಟಿನ ಗೊಡವೆಯಿಲ್ಲದೆ ಹಲವು ಕಪ್ಪು ಗುಲಾಮರನ್ನೂ ಕೆಲವು ಬಿಳಿಯರನ್ನೂ ನೇಣಿಗೆ ಹಾಕಿದರು. ಆಗ ಮರೆಲ್ ನ್ಯಾಶ್‌ವಿಲ್‌ನ ಸೆರೆಮನೆಯಲ್ಲಿದ್ದ.