ಸ್ವೆತ್ಲಾನಾ: 'ತ್' ಪಕ್ಕದಲ್ಲಿ 'ಲ' ಇದ್ದರೆ ಅದು ಬೆಳಕು

ರಷ್ಯನ್ ಕಲಿಯಲು ಕೂತವರಿಗೆ ಸ್ವೆತಾ ಅನ್ನುವ ಹೆಸರು ಬೇಗನೇ ಎದುರಾಗುತ್ತದೆ. ನಮಗೆ ತಕ್ಷಣ ನೆನಪಾಗುವುದು ಶ್ವೇತಾ, ಅಲ್ವಾ? ಆ ನೆನಪು ಸರಿಯಾದದ್ದೇ. ರಷ್ಯನ್ನಿನ 'ಸ್ವೆತ್' ಅಂದರೆ ಬೆಳಕು, ಸಂಸ್ಕೃತದ 'ಶ್ವೇತ' ಅಂದರೆ ಬಿಳಿ, ಹೊಳೆಯುವ. ಎರಡೂ ಬಹಳ ಹಿಂದಿನ ಒಂದೇ ಮೂಲದಿಂದ ಬಂದ ಪದಗಳು. ಹಾಗಾಗಿ ಈ ಹೆಸರಿನ ಅರ್ಥವನ್ನು ಕನ್ನಡಿಗರು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಸ್ವೆತಾ ಮನೆಯಲ್ಲಿ ಕರೆಯುವ ಹೆಸರು. ದಾಖಲೆಯಲ್ಲಿರುವುದು ಸ್ವೆತ್ಲಾನಾ. 'ಸ್ವೆತ್ಲಿಯ್' ಅಂದರೆ ಬೆಳಕಿರುವ, ತಿಳಿಯಾದ. ಅದರ 'ಸ್ವೆತ್ಲ್' ಭಾಗಕ್ಕೆ 'ಆನಾ' ಸೇರಿದರೆ ಹೆಸರಾಯಿತು. ಹಿಮಕ್ಕೆ ಸಂಬಂಧಿಸಿದ ಸ್ನೆಝಾನಾ, ಮುದ್ದಿನ ಅರ್ಥದ ಮಿಲಾನಾ ಕೂಡ ಇದೇ ರೀತಿ ಕಟ್ಟಿದ ಹೆಸರುಗಳು.

ಉಚ್ಚಾರಣೆ ಬಗ್ಗೆ ಒಂದೇ ಮಾತು. ಕನ್ನಡ ಪತ್ರಿಕೆಗಳು ಇಂಗ್ಲಿಷ್ ದಾರಿಯಲ್ಲಿ ಬಂದ 'ಸ್ವೆಟ್ಲಾನಾ' ಅಂತ ಬರೆಯುತ್ತವೆ. ರಷ್ಯನ್ನರು ನಾಲಿಗೆಯನ್ನು ಹಲ್ಲಿಗೆ ತಾಗಿಸಿಯೇ ಹೇಳುತ್ತಾರೆ, ಅಂದರೆ ನಮ್ಮ 'ತ'. ಒತ್ತು, ಅಂದರೆ ಹೇಳುವಾಗ ದನಿಗೆ ಕೊಡುವ ಜೋರು, 'ಲಾ' ಮೇಲೆ ಬೀಳುತ್ತದೆ. ಹಾಗಾಗಿ ಮೊದಲ ಸ್ವರ ಸಣ್ಣದಾಗಿ, ಕಿವಿಗೆ 'ಸ್ವಿತ್ಲಾನ' ಅಂತಲೇ ಕೇಳಿಸುತ್ತದೆ.

ಸ್ವೆತ್ ಬೇರೆ, ಸ್ವ್ಯಾತ್ ಬೇರೆ

ನನಗೆ ತುಂಬಾ ಹೊತ್ತು ಹಿಡಿದದ್ದು ಈ ಭಾಗ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ರಷ್ಯನ್, ಪೋಲಿಷ್ ಮುಂತಾದ ಭಾಷೆಗಳಿಗೆ ಮೂಲವಾದ ಹಳೆಯ ಸ್ಲಾವಿಕ್‌ನಲ್ಲಿ ಎರಡು ಪದಗಳಿದ್ದವು. ಒಂದಕ್ಕೆ ಬೆಳಕು ಅಂತ ಅರ್ಥ, ಇನ್ನೊಂದಕ್ಕೆ ಪವಿತ್ರ ಅಂತ. ಎರಡರ ವ್ಯಂಜನಗಳೂ ಒಂದೇ: ಸ, ವ, ತ. ನಡುವಿನ ಸ್ವರ ಮಾತ್ರ ಬೇರೆ. ಬೆಳಕಿನ ಪದದಲ್ಲಿ 'ಯಾತ್' ಎಂದು ಕರೆಯುವ, 'ಏ'ಗೆ ಹತ್ತಿರದ ಸ್ವರವಿತ್ತು. ಪವಿತ್ರದ ಪದದಲ್ಲಿ ಮೂಗಿನಿಂದ ಹೊರಡುವ 'ಎಂ' ತರಹದ ಸ್ವರವಿತ್ತು. ಕಾಲ ಕಳೆದಂತೆ ಒಂದೊಂದು ಭಾಷೆ ಈ ಎರಡು ಸ್ವರಗಳನ್ನು ಒಂದೊಂದು ಕಡೆಗೆ ತಿರುಗಿಸಿತು. ಗೊಂದಲ ಹುಟ್ಟಿದ್ದು ಅಲ್ಲೇ.

ರಷ್ಯನ್ನಿನಲ್ಲಿ ಯಾತ್ 'ಯೆ' ಆಯಿತು, ಮೂಗಿನ ಸ್ವರ 'ಯ' ಆಯಿತು. ಬೆಳಕು 'ಸ್ವೆತ್', ಪವಿತ್ರ 'ಸ್ವ್ಯತೋಯ್'. ಉಕ್ರೇನಿಯನ್ನಿನಲ್ಲಿ ಯಾತ್ 'ಇ' ಆಯಿತು. ಅಲ್ಲಿ ಬೆಳಕು 'ಸ್ವಿತ್ಲೊ', ಹೆಸರು ಸ್ವಿತ್ಲಾನಾ. ಇಲ್ಲಿವರೆಗೆ ತೊಂದರೆಯಿಲ್ಲ. ಸರ್ಬಿಯನ್ನಿಗೆ ಬಂದರೆ ಎರಡೂ ಸ್ವರಗಳು 'ಎ' ಆಗಿಬಿಟ್ಟಿವೆ: ಬೆಳಕು 'ಸ್ವೆತ್ಲೊ', ಪವಿತ್ರ 'ಸ್ವೆತಿ'. ಪೋಲಿಷ್‌ನಲ್ಲಿ ಮೂಗಿನ ಸ್ವರ ಇನ್ನೂ ಉಳಿದಿದೆ, ಪವಿತ್ರಕ್ಕೆ 'ಶ್ಫ್ಯೆಂತಿ' ಅನ್ನುತ್ತಾರೆ. ಬೆಳಕು ಅಲ್ಲಿ 'ಶ್ಫ್ಯಾತ್ವೊ'. ಅಂದರೆ ರಷ್ಯನ್ನಿನಲ್ಲಿ 'ಯ' ಕಂಡರೆ ಪವಿತ್ರ ಅಂತ ಕಲಿತವರು ಅದನ್ನೇ ಪೋಲಿಷ್‌ಗೆ ಹೊತ್ತುಕೊಂಡು ಹೋದರೆ ಲೆಕ್ಕ ಪೂರ್ತಿ ತಲೆಕೆಳಗು.

ಇನ್ನು ಬೆಲರೂಸಿಯನ್. ಅಲ್ಲಿ ಈ ಹೆಸರನ್ನು 'ಸ್ವ್ಯತ್ಲಾನಾ' ಅಂತ ಬರೆಯುತ್ತಾರೆ. 'ಯ' ಇದೆ, ಹಾಗಾದರೆ ಪವಿತ್ರವೇ? ಅಲ್ಲ, ಬೆಳಕೇ! ಬೆಲರೂಸಿಯನ್ನಿನಲ್ಲಿಯೂ ಯಾತ್ ಮೊದಲು 'ಯೆ'ಯೇ ಆಯಿತು. ಆದರೆ ಒತ್ತು ಬೀಳುವ ಅಕ್ಷರಕ್ಕೆ ಸರಿಯಾಗಿ ಹಿಂದಿನ ಅಕ್ಷರದಲ್ಲಿ 'ಯೆ' ಇದ್ದರೆ ಅವರು ಅದನ್ನು 'ಯ' ಎಂದೇ ಹೇಳುತ್ತಾರೆ, ಹೇಳಿದ ಹಾಗೇ ಬರೆಯುತ್ತಾರೆ. ಸ್ವ್ಯತ್ಲಾನಾದಲ್ಲಿ ಒತ್ತು 'ಲಾ' ಮೇಲಿದೆ. ಅದರ ಹಿಂದಿನ 'ಯೆ' 'ಯ' ಆಯಿತು. ಬೆಳಕು ಅನ್ನುವ 'ಸ್ವ್ಯತ್ಲೊ' ಪದದಲ್ಲಿ ಒತ್ತು ಕೊನೆಯ 'ಲೊ' ಮೇಲಿದೆ, ಅಲ್ಲೂ ಅದೇ ಕಥೆ. ಜಗತ್ತು ಅನ್ನುವ 'ಸ್ವೆತ್' ಪದಕ್ಕೆ ಇರುವುದೇ ಒಂದು ಅಕ್ಷರ, ಒತ್ತು ಅದರ ಮೇಲೆಯೇ. ಅದಕ್ಕೆ ಅಲ್ಲಿ 'ಯೆ' ಹಾಗೇ ಉಳಿದಿದೆ. ಈ ಮೂರು ಪದಗಳನ್ನು ಒಂದರ ಕೆಳಗೊಂದು ಬರೆದು, ಒತ್ತಿರುವ ಕಡೆ ಗೆರೆ ಎಳೆದು ನೋಡಿ. ನಿಯಮ ಕಣ್ಣಿಗೇ ಕಾಣುತ್ತದೆ.

ಸ್ವರವನ್ನು ನಂಬಿ ಕೂತರೆ ಇಷ್ಟೆಲ್ಲ ನೆನಪಿಡಬೇಕು. ಅದಕ್ಕೆ ನಾನು ಇಟ್ಟುಕೊಂಡಿರುವ ಸುಲಭ ದಾರಿ ಹೀಗಿದೆ: ಸ್ವರ ಬಿಡಿ, 'ತ್' ಆದ ಕೂಡಲೇ ಏನಿದೆ ನೋಡಿ. ಸ್ವೆತ್ಲೊ, ಸ್ವಿತ್ಲೊ, ಸ್ವ್ಯತ್ಲೊ, ಎಲ್ಲದರಲ್ಲೂ 'ತ್'ಗೆ 'ಲ' ಅಂಟಿಕೊಂಡಿದೆ. ಪೋಲಿಷ್‌ನಲ್ಲಿ ಕಿವಿಗೆ 'ವ' ಕೇಳಿಸಿದರೂ ಬರೆಯುವುದು 'ಲ'ದ ಇನ್ನೊಂದು ರೂಪವನ್ನೇ, ಅಡ್ಡಗೆರೆ ಎಳೆದ 'ಲ'. ಪವಿತ್ರದ ಪದಗಳಲ್ಲಿ 'ತ್' ಆದ ಮೇಲೆ ನೇರವಾಗಿ ಸ್ವರ ಬರುತ್ತದೆ: ಸ್ವ್ಯತೋಯ್, ಸ್ವೆತಿ, ಶ್ಫ್ಯೆಂತಿ. ಹಾಗಾಗಿ 'ತ್' ಪಕ್ಕ 'ಲ' ಇದ್ದರೆ ಬೆಳಕು ಅಂತ ಧೈರ್ಯವಾಗಿ ಹೇಳಬಹುದು. 'ಲ' ಇಲ್ಲ ಅಂದ ಮಾತ್ರಕ್ಕೆ ಪವಿತ್ರ ಅಂತ ಮಾತ್ರ ಹೇಳಬೇಡಿ, ಬರಿಯ 'ಸ್ವೆತ್' ಕೂಡ ಇದೆಯಲ್ಲ.

ಇದನ್ನು ನಮಗೆ ಗೊತ್ತಿರುವ ಹೆಸರಿನ ಮೇಲೆ ಹಚ್ಚಿ ನೋಡೋಣ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿ ಜೊತೆ ಬಾಳಿದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಚ್. ಚಿತ್ರಕಲಾ ಪರಿಷತ್ತಿಗೆ ಹೋದವರು ಅವರ ಚಿತ್ರಗಳನ್ನು ನೋಡಿರುತ್ತೀರಿ. ಇಂಗ್ಲಿಷ್ ಬರವಣಿಗೆ ನೋಡಿದರೆ ಇದು ಬೆಳಕಿನ ಹೆಸರು ಅನ್ನಿಸುತ್ತದೆ. ಆದರೆ 'ತ್' ಆದ ಮೇಲೆ 'ಒ' ಇದೆ, 'ಲ' ಇಲ್ಲ. ಅನುಮಾನ ಬರಬೇಕು. ರಷ್ಯನ್ನಿನಲ್ಲಿ ಅವರ ಹೆಸರು ಸ್ವ್ಯತೊಸ್ಲಾವ್. ಮೊದಲ ಅರ್ಧ ಪವಿತ್ರ, ಉಳಿದ 'ಸ್ಲಾವ್' ಅಂದರೆ ಕೀರ್ತಿ.

ಹಳೆಯದಾಗಿ ಕಾಣುವ ಹೊಸ ಹೆಸರು

ಸ್ವ್ಯತೊಸ್ಲಾವ್ ನಿಜಕ್ಕೂ ಹಳೆಯ ಹೆಸರು. 972ರಲ್ಲಿ ತೀರಿಕೊಂಡ ಕೀವ್‌ನ ರಾಜನೊಬ್ಬನಿಗೆ ಆ ಹೆಸರಿತ್ತು. ಸ್ವೆತ್ಲಾನಾ ಕೂಡ ಅಷ್ಟೇ ಹಳೆಯದು ಅನ್ನಿಸುವುದು ಸಹಜ, ಆದರೆ ಇದು ಕವಿಗಳು ಕಟ್ಟಿದ ಹೆಸರು. ಅಲೆಕ್ಸಾಂಡರ್ ವೊಸ್ತೊಕೊವ್ 1802ರಲ್ಲಿ ಬರೆದ ಕಥನಕವನದಲ್ಲಿ ಇದು ಬಂತು. ಮನೆಮಾತಾಗಿದ್ದು ವಸೀಲಿ ಝುಕೋವ್‌ಸ್ಕಿಯ 'ಸ್ವೆತ್ಲಾನಾ' ಎಂಬ ಲಾವಣಿಯಿಂದ, 1813ರಲ್ಲಿ. ಅದರಲ್ಲಿ ಜನವರಿಯ ಹಬ್ಬದ ಹಿಂದಿನ ಸಂಜೆ ಹುಡುಗಿಯರು ಶಕುನ ನೋಡುತ್ತಾರೆ. ಕಾಲಿನ ಚಪ್ಪಲಿ ತೆಗೆದು ಗೇಟಿನಾಚೆ ಎಸೆಯುತ್ತಾರೆ. ಊರು ಬಿಟ್ಟು ಹೋದ ತನ್ನ ಹುಡುಗನ ಸುದ್ದಿಯೇ ಇಲ್ಲದ ಸ್ವೆತ್ಲಾನಾ ನಡುರಾತ್ರಿ ಮೇಣದಬತ್ತಿ ಹಚ್ಚಿಟ್ಟುಕೊಂಡು ಕನ್ನಡಿ ಮುಂದೆ ಕೂರುತ್ತಾಳೆ. ಕನಸಿನಲ್ಲಿ ಅವನು ಹೆಣವಾಗಿ ಕಾಣಿಸುತ್ತಾನೆ, ಕಣ್ಣು ಬಿಟ್ಟರೆ ಜೀವಂತವಾಗಿ ಮನೆಗೆ ಬರುತ್ತಾನೆ. ಓದಿದವರಿಗೆಲ್ಲ ಹೆಸರು ಇಷ್ಟವಾಯಿತು.

ಆದರೆ ಮಗಳಿಗೆ ಇಡುವ ಹಾಗಿರಲಿಲ್ಲ. ಆಗ ಆರ್ಥೊಡಾಕ್ಸ್ ಚರ್ಚಿನಲ್ಲಿ ದೀಕ್ಷಾಸ್ನಾನದ ಹೆಸರು ಸಂತರ ಪಟ್ಟಿಯಿಂದಲೇ ಬರಬೇಕಿತ್ತು, ಸ್ವೆತ್ಲಾನಾ ಎಂಬ ಸಂತ ಮಹಿಳೆ ಆ ಪಟ್ಟಿಯಲ್ಲಿರಲಿಲ್ಲ. ಹೆಸರು ಹಡಗುಗಳಿಗೆ ಹೋಯಿತು. 1905ರಲ್ಲಿ ಜಪಾನ್ ವಿರುದ್ಧ ನಡೆದ ತ್ಸುಶಿಮಾ ಕದನದಲ್ಲಿ ಮುಳುಗಿದ ರಷ್ಯನ್ ಹಡಗುಗಳಲ್ಲಿ ಒಂದು 'ಸ್ವೆತ್ಲಾನಾ'. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬಲ್ಬ್ ಮಾಡುವ ಕಾರ್ಖಾನೆಗೂ ಅದೇ ಹೆಸರು, ಬಲ್ಬಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಇಲ್ಲ. ಮುಂದೆ ಚರ್ಚಿನಲ್ಲಿ ಸ್ವೆತ್ಲಾನಾಗೆ ಜೋಡಿಯಾಗಿ ಫೊತಿನಿಯಾ ಎಂಬ ಸಂತ ಮಹಿಳೆಯ ಹೆಸರು ಬಳಕೆಗೆ ಬಂತು. ಬೈಬಲ್ಲಿನಲ್ಲಿ ಬಾವಿಯ ಬಳಿ ಯೇಸುವಿನ ಜೊತೆ ಮಾತಾಡುವ ಸಮಾರ್ಯದ ಹೆಂಗಸು ಇವಳೇ ಅಂತ ನಂಬಿಕೆ. ಅವಳ ಗ್ರೀಕ್ ಹೆಸರಿನ ಮೂಲವೂ ಬೆಳಕೇ.

ಜನಪ್ರಿಯತೆ

1917ರ ಕ್ರಾಂತಿಯ ನಂತರ ಜನನ ದಾಖಲೆ ಚರ್ಚಿನ ಕೈಯಿಂದ ಸರ್ಕಾರದ ಕಚೇರಿಗೆ ಹೋಯಿತು, ಹೆಸರಿನ ಕಟ್ಟು ಸಡಿಲವಾಯಿತು. 1926ರಲ್ಲಿ ಹುಟ್ಟಿದ ಮಗಳಿಗೆ ಸ್ಟಾಲಿನ್ ಇದೇ ಹೆಸರಿಟ್ಟರು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಂತೂ ಸೋವಿಯತ್ ನಾಡಿನ ತುಂಬಾ ಸ್ವೆತ್ಲಾನಾಗಳು. 1984ರಲ್ಲಿ ಬಾಹ್ಯಾಕಾಶದಲ್ಲಿ ನಡೆದ ಮೊದಲ ಮಹಿಳೆ ಸ್ವೆತ್ಲಾನಾ ಸವೀತ್ಸ್ಕಯಾ, 2015ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಬೆಲರೂಸಿನ ಸ್ವೆತ್ಲಾನಾ ಅಲೆಕ್ಸಿಯೇವಿಚ್, ಇಬ್ಬರೂ 1948ರಲ್ಲಿ ಹುಟ್ಟಿದವರು. ಈಗ ರಷ್ಯಾದಲ್ಲಿ ಹುಟ್ಟುವ ಮಕ್ಕಳಿಗೆ ಈ ಹೆಸರಿಡುವವರು ಕಡಿಮೆ. ಕಥೆಯಲ್ಲಿ ಸ್ವೆತ್ಲಾನಾ ಅಂತ ಬಂದರೆ ಪುಟ್ಟ ಹುಡುಗಿಗಿಂತ ಟೀಚರನ್ನೋ ಅತ್ತೆಯನ್ನೋ ಊಹಿಸಿಕೊಳ್ಳುವುದು ವಾಸಿ.

ಸ್ಟಾಲಿನ್ ಮಗಳ ಕಥೆ ನಮ್ಮ ದೇಶಕ್ಕೂ ಸೇರಿದೆ. ತಮ್ಮ ಸಂಗಾತಿಯಾಗಿದ್ದ ಭಾರತೀಯ ಬ್ರಜೇಶ್ ಸಿಂಗ್ ಅವರ ಅಸ್ಥಿ ಹಿಡಿದು 1966ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದ ಆಕೆ ಉತ್ತರ ಪ್ರದೇಶದ ಕಾಲಾಕಾಂಕರ್‌ನಲ್ಲಿ ಉಳಿದರು, 1967ರ ಮಾರ್ಚಿನಲ್ಲಿ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ಆಶ್ರಯ ಕೇಳಿದರು. ಅಮೆರಿಕದಲ್ಲಿ ಮದುವೆಯಾದ ಮೇಲೆ ಲಾನಾ ಪೀಟರ್ಸ್ ಆದರು. ಹೆಸರಿನ ಮುಂದಿನ ತುಂಡು ಬಿಟ್ಟು ಹಿಂದಿನ ತುಂಡು ಇಟ್ಟುಕೊಂಡರು ನೋಡಿ.

ಕೊನೆಗೆ ಕರೆಯುವ ಬಗೆ. ಸ್ನೇಹಿತರಿಗೆ ಸ್ವೆತಾ, ಮುದ್ದಿಗೆ ಸ್ವೆತೊಚ್ಕಾ, ಸ್ವೆತಿಕ್. ಸ್ವೆತ್ಕಾ ಸ್ವಲ್ಪ ಒರಟು, ಸಲಿಗೆ ಇದ್ದರೆ ಮಾತ್ರ. ದೂರದಿಂದ ಕೂಗುವಾಗ ನಾವು ಕೊನೆಯ ಸ್ವರ ಎಳೆದು 'ಶ್ವೇತಾಽ' ಅನ್ನುತ್ತೇವೆ. ಅವರು ಅದನ್ನು ತುಂಡರಿಸಿ 'ಸ್ವೆತ್!' ಅನ್ನುತ್ತಾರೆ. ಹಿರಿಯರಿಗೆ, ಪರಿಚಯವಿಲ್ಲದವರಿಗೆ ಇದ್ಯಾವುದೂ ಬೇಡ. ಪೂರ್ತಿ ಹೆಸರಿಗೆ ತಂದೆಯ ಹೆಸರಿನ ರೂಪ ಸೇರಿಸಿ 'ಸ್ವೆತ್ಲಾನಾ ಇವಾನೊವ್ನಾ' ಅನ್ನಿ.