ದಪ್ಪಗಿರುವವರಿಗೆ ಯಾವ ಅಳತೆಯ ಹೃದಯ ಕವಾಟ?

"ಅಪ್ಪ ದಪ್ಪ ಇದ್ದಾರೆ, ಸ್ವಲ್ಪ ದೊಡ್ಡ ವಾಲ್ವೇ ಹಾಕಿ ಡಾಕ್ಟ್ರೇ." ಮನೆಯವರು ಹೀಗೆ ಕೇಳುವುದು ಸಹಜ. ಮೈ ಬೆಳೆದರೆ ಅಂಗಿಯೂ ದೊಡ್ಡದು ಬೇಕು, ಅಲ್ವಾ? ಆದರೆ ಕವಾಟ ಕೂರುವ ಉಂಗುರ ಅಂಗಿಯ ಹಾಗಲ್ಲ, ಬಾಗಿಲ ಚೌಕಟ್ಟಿನ ಹಾಗೆ. 65 ಕೆಜಿ ಇದ್ದವರು 95ಕ್ಕೆ ಏರಿದರೂ ಬಾಗಿಲ ಚೌಕಟ್ಟು ಹೆಚ್ಚುಕಡಿಮೆ ಹಳೆಯದೇ.

ಆರೋಗ್ಯವಂತರಲ್ಲಿ, ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟ 3ರಿಂದ 4 ಚದರ ಸೆಂ.ಮೀ. ತೆರೆದುಕೊಳ್ಳುತ್ತದೆ. ಕೃತಕ ಕವಾಟದಲ್ಲಿ ಹೊಲಿಯುವ ಪಟ್ಟಿ, ಒಳಚೌಕಟ್ಟು ಎಲ್ಲ ಸೇರಿ ಜಾಗ ತಿನ್ನುತ್ತವೆ. ಸಣ್ಣ ಕವಾಟದಲ್ಲಿ ರಕ್ತಕ್ಕೆ ಸಿಗುವ ದಾರಿ 1.5 ಚದರ ಸೆಂ.ಮೀ. ಇರಬಹುದು. ಕವಾಟ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರೂ ಆ ದೇಹಕ್ಕೆ ಅದು ಕಿರಿದಾಗಬಹುದು. ಈ ಹೊಂದದಿರುವಿಕೆಯನ್ನು 1978ರಲ್ಲಿ ಗುರುತಿಸಿ ಬರೆದವರು ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಹೃದ್ರೋಗ ತಜ್ಞ ಶಾಹಬುದ್ದೀನ್ ರಹೀಂತೂಲಾ.

ಕಿರಿದೋ ಅಲ್ಲವೋ ಎಂದು ತಿಳಿಯಲು ಆ ದಾರಿಯ ಅಳತೆಯನ್ನು ಮೈಯ ಹೊರಮೈ ವಿಸ್ತೀರ್ಣದಿಂದ ಭಾಗಿಸುತ್ತಾರೆ. 0.85ಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆ. 165 ಸೆಂ.ಮೀ. ಎತ್ತರ, 65 ಕೆಜಿ ಇರುವವರ ವಿಸ್ತೀರ್ಣ ಸುಮಾರು 1.72 ಚದರ ಮೀಟರ್. ಅವರಿಗೆ 1.5ರ ಆ ಕವಾಟ 0.87 ಕೊಡುತ್ತದೆ, ಪಾಸು. ಅದೇ ಎತ್ತರಕ್ಕೆ 95 ಕೆಜಿಯಾದರೆ ವಿಸ್ತೀರ್ಣ 2.02. ಉತ್ತರ 0.74, ಫೇಲು!

ಇಲ್ಲಿ ಎಡವುವುದು ಬರೀ ಲೆಕ್ಕ ಎಂದು ನನಗೆ ಅನಿಸುತ್ತದೆ. ಒಂದು ಕೆಜಿ ಕೊಬ್ಬು ಕೇಳುವ ರಕ್ತ, ಒಂದು ಕೆಜಿ ಮೂತ್ರಪಿಂಡ ಕೇಳುವಷ್ಟಲ್ಲ. ಅದಕ್ಕೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ದಾಟಿದವರಿಗೆ ಗೆರೆಯನ್ನು 0.70ಕ್ಕೆ ಇಳಿಸಿದ್ದಾರೆ. ನಮ್ಮ 95 ಕೆಜಿಯವರ ಬಿಎಂಐ ಸುಮಾರು 35, ಹಾಗಾಗಿ ಅವರೂ ಪಾಸು. ಹಾಗಂತ ಸುಮ್ನೆ ಇರುವಂತಿಲ್ಲ. ಬೊಜ್ಜಿರುವ ಹೃದಯ ಮೊದಲೇ ಜಾಸ್ತಿ ರಕ್ತ ತಳ್ಳುತ್ತಿರುತ್ತದೆ. ಕಿರಿದಾದ ಬಾಗಿಲಿನ ಭಾರವೂ ಅದರ ಮೇಲೆಯೇ ಬೀಳುತ್ತದೆ.

ಚೌಕಟ್ಟು ನಿಜಕ್ಕೂ ಸಣ್ಣದಿದ್ದರೆ ಸರ್ಜನ್ ಅದನ್ನು ಸೀಳಿ, ತೇಪೆ ಹಾಕಿ ಅಗಲ ಮಾಡಬಹುದು. ಆಪರೇಷನ್ ಉದ್ದವಾಗುತ್ತದೆ. ಬೊಜ್ಜಿರುವವರಲ್ಲಿ ಎದೆಮೂಳೆಯ ಗಾಯಕ್ಕೆ ಸೋಂಕು ತಗಲುವ ಭಯವೂ ಹೆಚ್ಚು. ತೊಡೆಯ ರಕ್ತನಾಳದಿಂದ ಕೂರಿಸುವ ಟಾವಿ ಎಂಬ ವಿಧಾನದಲ್ಲಿ ಎದೆ ತೆರೆಯುವ ಮಾತಿಲ್ಲ. ಅದರಲ್ಲೂ ಕೆಲವು ಕವಾಟಗಳ ತೆರೆದು ಮುಚ್ಚುವ ಪಕಳೆಗಳು ಉಂಗುರಕ್ಕಿಂತ ಮೇಲೆ ಕೂರುವುದರಿಂದ ಸಣ್ಣ ಚೌಕಟ್ಟಿನಲ್ಲೂ ಅಗಲ ದಾರಿ ಸಿಗುತ್ತದೆ.

ಲೋಹದ ಕವಾಟ ಬಹುಕಾಲ ಬಾಳುತ್ತದೆ, ಆದರೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ, ಹೆಪ್ಪುಗಟ್ಟಲು ಹಿಡಿಯುವ ಸಮಯ ನೋಡುವ ಐಎನ್‌ಆರ್ ಪರೀಕ್ಷೆ ಪದೇ ಪದೇ ತಪ್ಪಿದ್ದಲ್ಲ. ಹಸು, ಹಂದಿಯ ಅಂಗಾಂಶದ ಕವಾಟಕ್ಕೆ ಆ ಕಾಟವಿಲ್ಲ, ಆದರೆ ವರ್ಷಗಳು ಕಳೆದಂತೆ ಅದು ಸವೆಯುತ್ತದೆ. ಆಗ ಹಳೆಯದರ ಒಳಗೇ ಹೊಸದನ್ನು ಕೂರಿಸಬಹುದು, ದಾರಿ ಮಾತ್ರ ಇನ್ನಷ್ಟು ಕಿರಿದಾಗುತ್ತದೆ. ಅರವತ್ತರಲ್ಲಿ ಮೊದಲ ಆಪರೇಷನ್ ಆಗುವವರಿಗೆ ಕೆಲವು ಸರ್ಜನ್‌ಗಳು ಚೌಕಟ್ಟನ್ನು ಆಗಲೇ ಅಗಲ ಮಾಡಿಡುವುದು ಆ ಎರಡನೆಯ ಕವಾಟಕ್ಕಾಗಿ.